ಶೂಟಿಂಗ್ ಮುಗಿದ ಮೇಲೆ ಹಚ್ಚುವ ದೀಪ

ಇಕ್ಕಟ್ಟಾದ ಕೋಣೆ. ಮೇಲಿಂದ ಇಳಿಬಿಟ್ಟ ಒಂದೇ ಒಂದು ದೀಪ. ಪತ್ತೇದಾರ ಎಡ್ಡಿ ವ್ಯಾಲಿಯಂಟ್‌ನ ಕೈಗೂ ಒಂದು ಮೊಲದ ಕೈಗೂ ಸೇರಿಸಿ ಕೋಳ ಬಿದ್ದಿದೆ. ಅದನ್ನು ಗರಗಸದಿಂದ ಕೊಯ್ಯುವ ಗಡಿಬಿಡಿಯಲ್ಲಿ ಎಡ್ಡಿಯ ತಲೆ ದೀಪಕ್ಕೆ ತಾಗುತ್ತದೆ. ದೀಪ ತೂಗಾಡತೊಡಗುತ್ತದೆ. ಗೋಡೆಯ ಮೇಲಿನ ನೆರಳುಗಳು ಆ ಕಡೆಯಿಂದ ಈ ಕಡೆಗೆ ಉಯ್ಯಾಲೆಯಾಡುತ್ತವೆ. ಎಡ್ಡಿಯ ಮುಖ ಒಮ್ಮೆ ಬೆಳಗುತ್ತದೆ, ಒಮ್ಮೆ ಮಬ್ಬಾಗುತ್ತದೆ. ಮೊಲದ ಮುಖವೂ ಹಾಗೆಯೇ.

1988ರಲ್ಲಿ ಬಿಡುಗಡೆಯಾದ ‘ಹೂ ಫ್ರೇಮ್ಡ್ ರೋಜರ್ ರ್‍ಯಾಬಿಟ್’ ಚಿತ್ರದ ಈ ದೃಶ್ಯದಲ್ಲಿ ಎಡ್ಡಿಯ ಪಾತ್ರ ಮಾಡಿದ ಬಾಬ್ ಹಾಸ್ಕಿನ್ಸ್ ನಿಜ, ದೀಪ ನಿಜ, ಕೋಣೆ ನಿಜ. ಮೊಲ ಮಾತ್ರ ಅಲ್ಲಿರಲಿಲ್ಲ. ಶೂಟಿಂಗ್ ಆದಮೇಲೆ, ರಿಚರ್ಡ್ ವಿಲಿಯಮ್ಸ್ ಮುಂದಾಳುತನದ ಆನಿಮೇಷನ್ ತಂಡ ಒಂದೊಂದು ಫ್ರೇಮಿನ ಫೋಟೊ ಪ್ರತಿಯನ್ನು ಕೆಳಗಿಟ್ಟುಕೊಂಡು ಅದರ ಅಳತೆಗೆ ಮೊಲವನ್ನು ಕೈಯಲ್ಲೇ ಬರೆಯಿತು. ಬಣ್ಣ ತುಂಬಿದ ಚಿತ್ರ ಒಂದು ಪದರ, ಮೈಮೇಲಿನ ನೆರಳು ಇನ್ನೊಂದು ಪದರ, ಹೊಳಪು ಮತ್ತೊಂದು ಪದರ. ಅವನ್ನೆಲ್ಲ ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್ ಸಂಸ್ಥೆಯವರು ಆಪ್ಟಿಕಲ್ ಪ್ರಿಂಟರ್ ಎಂಬ ಯಂತ್ರದಲ್ಲಿ ಒಂದರ ಮೇಲೊಂದು ಕೂರಿಸಿ ಒಂದೇ ಫಿಲ್ಮಿಗೆ ಇಳಿಸಿದರು. ದೀಪ ಅಲುಗಾಡದೆ ಇದ್ದಿದ್ದರೆ ಈ ಕೆಲಸದ ದೊಡ್ಡ ಪಾಲು ಉಳಿಯುತ್ತಿತ್ತು. ನೋಡುವವರು ಯಾರೂ ಕೇಳುತ್ತಿರಲಿಲ್ಲ. ದೀಪ ಅಲುಗಾಡಿದ್ದರಿಂದ ಮೊಲದ ಮೇಲಿನ ನೆರಳು ಫ್ರೇಮಿನಿಂದ ಫ್ರೇಮಿಗೆ ಜಾಗ ಬದಲಿಸಬೇಕಾಯಿತು. ಬೇಕಿಲ್ಲದ ಕಡೆಯಲ್ಲೂ ಪಟ್ಟು ಹಿಡಿದು ಮಾಡುವ ಕೆಲಸಕ್ಕೆ ಡಿಸ್ನಿ ಸಂಸ್ಥೆಯಲ್ಲಿ ‘ಬಂಪ್ ದ ಲ್ಯಾಂಪ್’ ಎಂಬ ಮಾತೇ ಹುಟ್ಟಿಕೊಂಡಿತು.

ಸಿನಿಮಾದಲ್ಲಿ ಆಮೇಲೆ ಸೇರಿಸುವ ಬೆಳಕಿನ ಗುಟ್ಟೆಲ್ಲ ಆ ತೂಗುವ ದೀಪದಲ್ಲಿದೆ. ಪರದೆಯ ಮೇಲೆ ಒಂದು ಜ್ವಾಲೆಯನ್ನೋ ಬಲ್ಬನ್ನೋ ಮಿಂಚನ್ನೋ ಅಂಟಿಸುವುದು ಸುಲಭ. ಇವತ್ತು ಮೊಬೈಲ್ ಆ್ಯಪ್ ಕೂಡ ಅದನ್ನು ಮಾಡುತ್ತದೆ. ನೋಡುಗನ ಕಣ್ಣು ಆ ದೀಪವನ್ನು ಪರೀಕ್ಷೆ ಮಾಡಲು ಹೋಗುವುದೇ ಇಲ್ಲ. ಅದು ನೋಡುವುದು ಪಕ್ಕದಲ್ಲಿ ನಿಂತವನ ಕೆನ್ನೆಯನ್ನು, ಹಿಂದಿನ ಗೋಡೆಯನ್ನು, ಮೇಜಿನ ಕೆಳಗಿನ ಕತ್ತಲನ್ನು. ಅಲ್ಲಿ ಏನೂ ಆಗದೆ ಇದ್ದರೆ, ಯಾಕೆಂದು ಹೇಳಲು ಬಾರದವರಿಗೂ ‘ಇದು ಗ್ರಾಫಿಕ್ಸ್’ ಎಂದು ತಿಳಿದುಬಿಡುತ್ತದೆ. ಹುಟ್ಟಿದಂದಿನಿಂದ ಬೆಳಕನ್ನೇ ನೋಡುತ್ತ ಬಂದ ಕಣ್ಣು ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟು.

ಶೂಟಿಂಗ್ ಆದಮೇಲೆ ಬೆಳಕನ್ನು ತಿದ್ದುವ ಆಸೆ ಸಿನಿಮಾದಷ್ಟೇ ಹಳೆಯದು. ಮೂಕಿಚಿತ್ರಗಳ ಕಾಲದಲ್ಲಿ ಫಿಲ್ಮ್‌ಗೆ ರಾತ್ರಿಯನ್ನು ಹಿಡಿಯುವ ಶಕ್ತಿ ಇರಲಿಲ್ಲ. ಹಗಲಲ್ಲೇ ತೆಗೆದ ದೃಶ್ಯದ ಫಿಲ್ಮನ್ನು ನೀಲಿ ಬಣ್ಣದಲ್ಲಿ ಅದ್ದಿ ರಾತ್ರಿ ಎಂದರು. ಬೆಂಕಿಯ ದೃಶ್ಯಕ್ಕೆ ಕೆಂಪು. ಮುಂದೆ ಹಗಲನ್ನೇ ರಾತ್ರಿ ಮಾಡುವ ಈ ವಿದ್ಯೆ ‘ಡೇ ಫಾರ್ ನೈಟ್’ ಎಂಬ ಹೆಸರು ಪಡೆಯಿತು. ಫ್ರೆಂಚರು ಅದನ್ನು ‘ಅಮೆರಿಕನ್ ರಾತ್ರಿ’ ಎನ್ನುತ್ತಾರೆ. ಫ್ರಾನ್ಸ್ವಾ ತ್ರೂಫೊ 1973ರಲ್ಲಿ ಅದೇ ಹೆಸರಿನ ಚಿತ್ರ ಮಾಡಿದ. ಹಳೆಯ ಚಿತ್ರಗಳಲ್ಲಿ ನಾಯಕ ‘ನಡುರಾತ್ರಿ’ ಓಡುವಾಗ ಅವನ ಕಾಲ ಕೆಳಗೆ ಬಿಸಿಲಿನ ಚೂಪಾದ ನೆರಳು ಓಡುತ್ತಿರುವುದನ್ನು ಗಮನಿಸಿದವರು ಬಹಳ ಮಂದಿ ಇರಬಹುದು.

ಅದೇ ಹಳೆಯ ವಿದ್ಯೆ ಈಚಿನ ವರ್ಷಗಳಲ್ಲಿ ಹೊಸ ಹುಟ್ಟು ಪಡೆದಿದೆ. 2015ರ ‘ಮ್ಯಾಡ್ ಮ್ಯಾಕ್ಸ್: ಫ್ಯೂರಿ ರೋಡ್’ ಚಿತ್ರದ ರಾತ್ರಿಗಳನ್ನು ನಮೀಬಿಯಾದ ಮರಳುಗಾಡಿನ ಸುಡುಬಿಸಿಲಲ್ಲಿ ತೆಗೆಯಲಾಯಿತು. ಹಿಂದೆ ಇಂಥ ಕಡೆ ಕ್ಯಾಮೆರಾಕ್ಕೆ ಬೆಳಕು ಕಡಿಮೆ ಬಿಡುತ್ತಿದ್ದರು. ಇಲ್ಲಿ ತಿರುಗುಮುರುಗು. ಬೇಕಾದ್ದಕ್ಕಿಂತ ಹೆಚ್ಚು ಬೆಳಕು ಬಿಟ್ಟು, ನೆರಳಿನ ಮೂಲೆಗಳಲ್ಲೂ ವಿವರ ತುಂಬಿಕೊಳ್ಳುವಂತೆ ನೋಡಿಕೊಂಡು, ಆಮೇಲೆ ಬಣ್ಣ ತಿದ್ದುವ ಕಲರಿಸ್ಟ್ ಅದನ್ನೆಲ್ಲ ತಗ್ಗಿಸಿ ಕಡುನೀಲಿ ರಾತ್ರಿ ಮಾಡಿದ. ಕಾರಣ ಸರಳ: ಕ್ಯಾಮೆರಾ ಹಿಡಿದುಕೊಂಡದ್ದನ್ನು ಕತ್ತಲಾಗಿಸಬಹುದು, ಹಿಡಿಯದೆ ಬಿಟ್ಟದ್ದನ್ನು ಬೆಳಗಿಸಲು ಬರುವುದಿಲ್ಲ. ಕತ್ತಲಲ್ಲಿ ತೆಗೆದ ಚಿತ್ರವನ್ನು ಎತ್ತಲು ಹೋದರೆ ಮರಳು ಚೆಲ್ಲಿದಂತೆ ಚುಕ್ಕೆಗಳೇ ಮೇಲೇಳುತ್ತವೆ.

2022ರ ‘ನೋಪ್’ ಚಿತ್ರಕ್ಕೆ ಛಾಯಾಗ್ರಾಹಕ ಹೊಯ್ಟೆ ವಾನ್ ಹೊಯ್ಟೆಮಾ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಬಯಲಿನ ರಾತ್ರಿ ದೃಶ್ಯಗಳನ್ನು ಹಗಲಲ್ಲಿ, ಎರಡು ಕ್ಯಾಮೆರಾಗಳನ್ನು ಒಂದೇ ಚೌಕಟ್ಟಿಗೆ ಕಟ್ಟಿ, ಎರಡೂ ಒಂದೇ ನೋಟವನ್ನು ನೋಡುವಂತೆ ಜೋಡಿಸಿ ತೆಗೆದ. ಒಂದು ಬಣ್ಣದ ಫಿಲ್ಮ್, ಇನ್ನೊಂದು ಕಣ್ಣಿಗೆ ಕಾಣದ ಅವಗೆಂಪು ಕಿರಣಗಳನ್ನು ಹಿಡಿಯುವ ಡಿಜಿಟಲ್ ಕ್ಯಾಮೆರಾ. ಗಾಳಿಯ ಕಣಗಳು ನೀಲಿ ಬೆಳಕನ್ನು ಹೆಚ್ಚು ಚದುರಿಸುವುದರಿಂದ ಆಕಾಶ ನಮಗೆ ನೀಲಿ; ಅವಗೆಂಪನ್ನು ಬಹಳ ಕಡಿಮೆ ಚದುರಿಸುವುದರಿಂದ ಆ ಕ್ಯಾಮೆರಾಕ್ಕೆ ನಡುಹಗಲ ಆಕಾಶವೂ ಕಪ್ಪು. ಆ ಕಪ್ಪು ಆಕಾಶವನ್ನೂ ಈ ಬಣ್ಣವನ್ನೂ ಬೆರೆಸಿ ತೆಗೆದಾಗ, ಬೆಟ್ಟದ ಸಾಲು ದೂರದವರೆಗೆ ಮಸುಕಾಗಿ ಕಾಣುವ, ಊರಾಚೆ ಕತ್ತಲಲ್ಲಿ ನಿಂತವರಿಗೆ ಪರಿಚಯವಿರುವ ರಾತ್ರಿಯೊಂದು ಸಿಕ್ಕಿತು. ಬಯಲಿನಲ್ಲಿ ಅಷ್ಟು ದೂರಕ್ಕೆ ಬೆಳಕು ಹಾಯಿಸುವ ಲೈಟು ಯಾವ ಯೂನಿಟ್ಟಿನಲ್ಲೂ ಇಲ್ಲ.

ಇವೆರಡೂ ಸಾಧ್ಯವಾದದ್ದು ‘ಡಿಐ’ ಬಂದಮೇಲೆ. ಡಿಜಿಟಲ್ ಇಂಟರ್‌ಮೀಡಿಯೆಟ್ ಎಂಬುದರ ಈ ಮೊಟಕು ರೂಪ ಈಗ ಗಾಂಧಿನಗರದಲ್ಲೂ ದಿನಬಳಕೆಯ ಮಾತು. 2000ದಲ್ಲಿ ಬಂದ ಕೋಯೆನ್ ಸಹೋದರರ ‘ಓ ಬ್ರದರ್, ವೇರ್ ಆರ್ಟ್ ದೌ?’ ಚಿತ್ರಕ್ಕೆ ರೋಜರ್ ಡೀಕಿನ್ಸ್ ಛಾಯಾಗ್ರಾಹಕ. ಕಥೆಗೆ ಬೇಕಿದ್ದದ್ದು ಒಣಗಿದ, ಧೂಳು ಹಿಡಿದ, ಹಳದಿ ಬೇಸಗೆ. ಶೂಟಿಂಗ್ ನಡೆದ ಮಿಸಿಸಿಪಿಯಲ್ಲಿ ಎಲ್ಲಿ ನೋಡಿದರೂ ಹಸಿರು. ಇಡೀ ಚಿತ್ರವನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಇಳಿಸಿ, ಹಸಿರನ್ನೆಲ್ಲ ಹುಲ್ಲುಹಳದಿ ಮಾಡಿ, ಮತ್ತೆ ಫಿಲ್ಮಿಗೆ ಏರಿಸಿದರು. ಕಲರಿಸ್ಟ್ ಎಂಬ ಹುದ್ದೆಯ ತೂಕ ಅಲ್ಲಿಂದ ಬದಲಾಯಿತು. ಪರದೆಯ ಯಾವುದೋ ಮೂಲೆಗೆ ಒಂದು ವೃತ್ತ ಎಳೆದು ಅಷ್ಟನ್ನೇ ಬೆಳಗಿಸುವುದು, ನಾಯಕಿಯ ಮುಖದ ಹಿಂದೆಯೇ ಆ ವೃತ್ತವನ್ನು ಓಡಿಸುವುದು, ಕಿಟಕಿಯನ್ನು ತಣಿಸಿ ಒಳಗನ್ನು ಬೆಚ್ಚಗೆ ಮಾಡುವುದು, ಎಲ್ಲ ಅವನ ಕೈಗೆ ಬಂದವು.

ಆದರೆ ಬಣ್ಣ ತಿದ್ದುವುದು ಬೇರೆ, ಇಲ್ಲದ ದೀಪವನ್ನು ಹಚ್ಚುವುದು ಬೇರೆ. ಮಲೆನಾಡಿನ ಹಳೆಯ ಮನೆಯೊಂದರ ದೃಶ್ಯ ಇಟ್ಟುಕೊಂಡು ನೋಡೋಣ. ಅಜ್ಜಿಯೊಬ್ಬಳು ಬುಡ್ಡಿದೀಪ ಹಿಡಿದು ಕತ್ತಲ ನಡುಮನೆಗೆ ಬರುತ್ತಾಳೆ. ಶೂಟಿಂಗ್ ವೇಳೆ ದೀಪ ಉರಿಸಿರಲಿಲ್ಲ ಎಂದುಕೊಳ್ಳೋಣ. ಮರದ ಮನೆ, ಬೆಂಕಿಯ ಭಯ. ಅಥವಾ ಗಾಳಿಗೆ ದೀಪ ನಿಲ್ಲಲಿಲ್ಲ. ಸೌಮ್ಯವಾದ ಒಂದು ಲೈಟಿನಲ್ಲಿ ದೃಶ್ಯ ತೆಗೆದು ಪ್ಯಾಕಪ್ ಆಗಿದೆ. ಈಗ ಅಂಧೇರಿಯಲ್ಲೋ ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಒಂದು ಕಂಪ್ಯೂಟರಿನ ಮುಂದೆ ಕುಳಿತವರು ಆ ದೀಪ ಹಚ್ಚಬೇಕು.

ಬತ್ತಿಯ ತುದಿಗೆ ಜ್ವಾಲೆ ಕೂರಿಸುವುದು ಹತ್ತು ನಿಮಿಷದ ಕೆಲಸ. ಅಜ್ಜಿಯ ಕೈ ಹೋದಲ್ಲಿಗೆ ಜ್ವಾಲೆಯೂ ಹೋಗುವಂತೆ ಬತ್ತಿಯ ಜಾಗವನ್ನು ಫ್ರೇಮ್ ಫ್ರೇಮಿಗೆ ಗುರುತಿಸುವುದು ಟ್ರ್ಯಾಕಿಂಗ್. ಅಲ್ಲಿಂದಾಚೆಗೆ ದಿನಗಟ್ಟಲೆಯ ಕೆಲಸ ಶುರು. ಮೊದಲು ಅಜ್ಜಿಯ ಆಕಾರವನ್ನು ಹಿನ್ನೆಲೆಯಿಂದ ಬಿಡಿಸಬೇಕು. ಇದಕ್ಕೆ ರೋಟೊ ಎನ್ನುತ್ತಾರೆ. ಸೀರೆಯ ಅಂಚು, ಕೈಬೆರಳು, ಹಾರುವ ಬಿಳಿಕೂದಲು, ಎಲ್ಲದರ ಸುತ್ತ ಫ್ರೇಮ್ ಫ್ರೇಮಿಗೆ ಗೆರೆ ಎಳೆಯುವ ಕೆಲಸ. ಆಮೇಲೆ ಕಂಪ್ಯೂಟರಿಗೆ ಎರಡು ಸಂಗತಿ ತಿಳಿಸಬೇಕು: ಚಿತ್ರದಲ್ಲಿ ಯಾವುದು ದೀಪದಿಂದ ಎಷ್ಟು ದೂರ, ಮತ್ತು ಯಾವ ಮೇಲ್ಮೈ ಯಾವ ಕಡೆಗೆ ಮುಖ ಮಾಡಿದೆ. ಎರಡನೆಯದಕ್ಕೆ ನಾರ್ಮಲ್ ಎಂದು ಹೆಸರು. ಮೂಗಿನ ಎಡಬದಿ ದೀಪದ ಕಡೆಗಿದ್ದರೆ ಬೆಳಗಬೇಕು, ಬಲಬದಿ ಬೆಳಗಬಾರದು. ಇಷ್ಟು ತಿಳಿಯದ ಕಂಪ್ಯೂಟರ್ ಮುಖಕ್ಕೆಲ್ಲ ಸಮವಾಗಿ ಅರಿಶಿನ ಹಚ್ಚಿದಂತೆ ಹಳದಿ ಬಳಿದುಬಿಡುತ್ತದೆ.

ದೂರದ ಲೆಕ್ಕ ಇನ್ನೂ ಸೂಕ್ಷ್ಮ. ಬೆಳಕು ದೂರದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. ದೀಪದಿಂದ ಒಂದು ಅಡಿ ಆಚೆ ಇರುವ ಕೆನ್ನೆಗೆ ಬೀಳುವ ಬೆಳಕಿನ ನಾಲ್ಕನೇ ಒಂದು ಪಾಲು ಎರಡು ಅಡಿ ದೂರದ ಕಂಬಕ್ಕೆ. ಹತ್ತು ಅಡಿ ದೂರದ ಗೋಡೆಗೆ ನೂರನೇ ಒಂದು ಪಾಲು. ಬುಡ್ಡಿದೀಪ ಹಿಡಿದವರ ಮುಖ ಹೊಳೆಯುತ್ತಿದ್ದರೂ ಕೋಣೆ ಕತ್ತಲೆಯೇ ಆಗಿರುವುದು ಇದರಿಂದ. ಹೊಸಬರು ಮಾಡುವ ತಪ್ಪು ಇಲ್ಲೇ: ಇಡೀ ನಡುಮನೆಯನ್ನು ಬೆಳಗಿಸಿಬಿಡುತ್ತಾರೆ. ಆಗ ಬುಡ್ಡಿದೀಪ ಟ್ಯೂಬ್‌ಲೈಟಿನಂತೆ ಕಾಣುತ್ತದೆ. ಬಣ್ಣವೂ ಹಾಗೆಯೇ. ಛಾಯಾಗ್ರಾಹಕರ ಅಳತೆಯಲ್ಲಿ ಹಗಲಿನ ಬೆಳಕು ಸುಮಾರು 5600 ಕೆಲ್ವಿನ್, ಸ್ಟುಡಿಯೊದ ಟಂಗ್‌ಸ್ಟನ್ ಲೈಟು 3200, ಜ್ವಾಲೆ 1900ರ ಆಸುಪಾಸು. ಈ ಸಂಖ್ಯೆ ಇಳಿದಷ್ಟೂ ಬೆಳಕು ಕೆಂಪಾಗುತ್ತದೆ.

ನೆರಳು ಎಲ್ಲಕ್ಕಿಂತ ಕಷ್ಟ. ಅಜ್ಜಿ ದೀಪವನ್ನು ಎದೆಮಟ್ಟದಲ್ಲಿ ಹಿಡಿದಿದ್ದರೆ ಬೆಳಕು ಕೆಳಗಿಂದ ಬರುತ್ತದೆ. ಹುಬ್ಬಿನ ನೆರಳು ಹಣೆಗೆ ಏರುತ್ತದೆ, ಅವಳ ದೊಡ್ಡ ನೆರಳು ಹಿಂದಿನ ಗೋಡೆ ಹತ್ತಿ ಅಟ್ಟದ ತೊಲೆಯವರೆಗೆ ಬಾಗುತ್ತದೆ. ಅವಳು ಕಂಬದ ಪಕ್ಕದಲ್ಲಿ ಹಾಯುವಾಗ ಕಂಬದ ನೆರಳು ಕೋಣೆಯನ್ನೆಲ್ಲ ಗಡಿಯಾರದ ಮುಳ್ಳಿನಂತೆ ಸುತ್ತಿಬರಬೇಕು. ಇದನ್ನು ಕೈಯಲ್ಲಿ ಬರೆದು ಮುಗಿಸುವುದಲ್ಲ. ನಡುಮನೆಯ ಗೋಡೆ, ಕಂಬ, ಮಣೆ, ಚೆಂಬುಗಳನ್ನೆಲ್ಲ ಕಂಪ್ಯೂಟರಿನೊಳಗೆ ಮೂರು ಆಯಾಮದಲ್ಲಿ ಕಟ್ಟಿ, ಅಲ್ಲಿ ಒಂದು ದೀಪ ಇಟ್ಟು, ಬೀಳುವ ನೆರಳನ್ನು ಮಾತ್ರ ಎತ್ತಿ ಚಿತ್ರದ ಮೇಲೆ ಹಾಕುತ್ತಾರೆ. ಜ್ವಾಲೆಯ ಅಲುಗಾಟವನ್ನೂ ಊಹಿಸಿ ಮಾಡಿದರೆ ಕೆಟ್ಟುಹೋದ ಟ್ಯೂಬ್‌ಲೈಟಿನ ಹಾಗೆ ಮಿಣಮಿಣ ಎನ್ನುತ್ತದೆ. ಅದಕ್ಕೆ ಬಲ್ಲವರು ನಿಜವಾದ ದೀಪವೊಂದನ್ನು ಬೇರೆಯಾಗಿ ಶೂಟ್ ಮಾಡಿ, ಅದರ ಏರಿಳಿತವನ್ನು ಅಳೆದು, ಅದೇ ಲಯವನ್ನು ಕೆನ್ನೆಯ ಬೆಳಕಿಗೂ ಗೋಡೆಯ ನೆರಳಿಗೂ ಕೊಡುತ್ತಾರೆ.

ಇಷ್ಟೆಲ್ಲ ಆದಮೇಲೂ ಅಜ್ಜಿಯ ಕಣ್ಣಲ್ಲಿ ದೀಪ ಕಾಣದಿದ್ದರೆ ದೃಶ್ಯ ಸತ್ತಂತೆ. ಕಣ್ಣಗುಡ್ಡೆ ಉಬ್ಬಿದ ಕನ್ನಡಿ. ಎದುರಿನ ಬೆಳಕು ಅಲ್ಲಿ ಒಂದು ಚುಕ್ಕೆಯಾಗಿ ಕೂರುತ್ತದೆ. ದೊಡ್ಡ ಪರದೆಯಲ್ಲೂ ಅದು ಕೆಲವೇ ಪಿಕ್ಸೆಲ್. ಮುಖದ ಜೀವ ಇರುವುದು ಆ ಚುಕ್ಕೆಯಲ್ಲಿ.

ಇನ್ನೊಂದು ತೊಡಕು ಕಣ್ಣಿಗೆ ಬೀಳುವುದೇ ಇಲ್ಲ, ಅಂಕಿಗಳಲ್ಲಿ ಅಡಗಿದೆ. ಸಾಮಾನ್ಯ ಡಿಜಿಟಲ್ ಚಿತ್ರದಲ್ಲಿ ಕಪ್ಪಿಗೆ 0, ಬಿಳುಪಿಗೆ 255. ಹಾಗಾದರೆ 128 ಅಂದರೆ ಅರ್ಧ ಬೆಳಕು ಎಂದು ತೋರುತ್ತದೆ. ನಿಜಕ್ಕೂ ಅದು ಪೂರ್ಣ ಬೆಳಕಿನ ಶೇ 22ರಷ್ಟು ಮಾತ್ರ. ಮನುಷ್ಯನ ಕಣ್ಣು ಕತ್ತಲಿನ ಕಡೆಯ ವ್ಯತ್ಯಾಸಗಳನ್ನು ಚೆನ್ನಾಗಿ ಗುರುತಿಸುವುದರಿಂದ ಅಂಕಿಗಳನ್ನು ಅದಕ್ಕೆ ತಕ್ಕಂತೆ ಹಂಚಲಾಗಿದೆ. ಪರದೆಯಲ್ಲಿ ನೋಡಲು ಇದು ಸರಿ. ಬೆಳಕಿಗೆ ಬೆಳಕು ಕೂಡುವಾಗ ಲೆಕ್ಕವೇ ತಪ್ಪುತ್ತದೆ. ಎರಡು ದೀಪಗಳ ಬೆಳಕು ಒಂದೇ ಗೋಡೆಗೆ ಬಿದ್ದರೆ ನಿಸರ್ಗ ಅವನ್ನು ನೇರವಾಗಿ ಕೂಡುತ್ತದೆ. ಕಂಪ್ಯೂಟರ್ ಕೂಡ ಹಾಗೆ ಕೂಡಬೇಕಾದರೆ ಅಂಕಿಗಳನ್ನು ಮೊದಲು ನಿಜವಾದ ಬೆಳಕಿನ ಅಳತೆಗೆ ಬಿಚ್ಚಿ, ಕೂಡಿ, ಮತ್ತೆ ಮಡಿಸಬೇಕು. ಈ ಬಿಚ್ಚಿ ಮಡಿಸುವ ಕೆಲಸ ಬಿಟ್ಟಾಗ ಬರುವ ಸುಣ್ಣ ಬಳಿದಂಥ ಮಂಕು ಹೊಳಪನ್ನು ಅಗ್ಗದ ಗ್ರಾಫಿಕ್ಸಿನಲ್ಲಿ ಎಲ್ಲರೂ ನೋಡಿದ್ದಾರೆ.

ಈ ಲೆಕ್ಕಗಳೆಲ್ಲ ಒಂದೇ ಫ್ರೇಮಿನಲ್ಲಿ ಸೇರಿಕೊಳ್ಳುವ ಜಾಗ ಬಂದೂಕಿನ ಬಾಯಿ. ಗುಂಡು ಹಾರಿದಾಗಿನ ಬೆಂಕಿ ಸೆಕೆಂಡಿನ ಸಾವಿರದ ಕೆಲವೇ ಭಾಗಗಳಷ್ಟು ಹೊತ್ತು ಇರುತ್ತದೆ. ಸಿನಿಮಾ ಕ್ಯಾಮೆರಾ ಸೆಕೆಂಡಿಗೆ 24 ಚಿತ್ರ ತೆಗೆಯುವುದು ನಿಜ, ಆದರೆ ವಾಡಿಕೆಯ ಹೊಂದಿಕೆಯಲ್ಲಿ ಅರ್ಧ ಹೊತ್ತು ಅದರ ಶಟರ್ ಮುಚ್ಚಿಯೇ ಇರುತ್ತದೆ. ಹುಸಿಗುಂಡು ತುಂಬಿದ ನಿಜ ಬಂದೂಕು ಹಾರಿಸಿದಾಗಲೂ ಎಷ್ಟೋ ಬಾರಿ ಬೆಂಕಿ ಮುಚ್ಚಿದ ಶಟರಿನ ಹಿಂದೆ ಕಳೆದುಹೋಗುತ್ತಿತ್ತು. 2021ರ ಅಕ್ಟೋಬರಿನಲ್ಲಿ ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ‘ರಸ್ಟ್’ ಚಿತ್ರದ ಸೆಟ್ಟಿನಲ್ಲಿ ಬಂದೂಕಿನಿಂದ ನಿಜವಾದ ಗುಂಡು ಹಾರಿ ಛಾಯಾಗ್ರಾಹಕಿ ಹಲೀನಾ ಹಚಿನ್ಸ್ ತೀರಿಕೊಂಡಮೇಲೆ, ಸೆಟ್ಟಿನಲ್ಲಿ ನಿಜ ಬಂದೂಕು ಬೇಡ, ಬೆಂಕಿಯನ್ನು ಆಮೇಲೆ ಸೇರಿಸಿಕೊಳ್ಳೋಣ ಎಂಬ ಮಾತು ಗಟ್ಟಿಯಾಯಿತು. ‘ದ ರೂಕಿ’ ಎಂಬ ಟಿವಿ ಸರಣಿಯವರು ಅದನ್ನು ನಿಯಮವನ್ನೇ ಮಾಡಿಕೊಂಡರು. ಒಬ್ಬ ಛಾಯಾಗ್ರಾಹಕಿಯ ಸಾವಿನ ಮುಂದೆ ಒಂದು ಫ್ರೇಮಿನ ಬೆಂಕಿಗೆ ಯಾವ ಬೆಲೆಯೂ ಇಲ್ಲ. ಆ ಒಂದು ಫ್ರೇಮನ್ನು ಕಂಪ್ಯೂಟರಿನಲ್ಲಿ ಸರಿಯಾಗಿ ಮಾಡುವವರು ಬೆಂಕಿಗಿಂತ ಹೆಚ್ಚು ಹೊತ್ತನ್ನು ಹಾರಿಸಿದವನ ಮುಂಗೈ, ಗಲ್ಲದ ಅಡಿ, ಪಕ್ಕದ ಬಾಗಿಲ ಚೌಕಟ್ಟಿನ ಮೇಲೆ ಕಳೆಯುತ್ತಾರೆ. ಆ ಫ್ರೇಮು ಬೆಳಗಿ, ಮುಂದಿನ ಫ್ರೇಮಿನಲ್ಲಿ ಮಾಯವಾಗಬೇಕು. ನೋಡುಗನಿಗೆ ಅದು ಕಂಡಿತೆಂದು ಗೊತ್ತೇ ಆಗುವುದಿಲ್ಲ. ಇಲ್ಲದಿದ್ದರೆ ಮಾತ್ರ ಗೊತ್ತಾಗುತ್ತದೆ.

ಆಮೇಲೆ ಸೇರಿಸುವ ಇನ್ನೊಂದು ಬಗೆಯ ಬೆಳಕು, ಕತ್ತಲನ್ನು ಸೀಳುವ ಬೆಳಕಿನ ಕೋಲು. ಅದರ ಮಾತು ಬಂದಾಗ ಮೈಸೂರಿನ ವಿ.ಕೆ. ಮೂರ್ತಿ ಅವರನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. 1923ರಲ್ಲಿ ಮೈಸೂರಿನಲ್ಲಿ ಹುಟ್ಟಿ, ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತು, ಮುಂಬೈಗೆ ಹೋಗಿ ಗುರುದತ್ತರ ಕ್ಯಾಮೆರಾ ಕಣ್ಣಾದವರು. 1959ರ ‘ಕಾಗಜ್ ಕೆ ಫೂಲ್’ ಚಿತ್ರದ ಹಾಡೊಂದರಲ್ಲಿ, ಖಾಲಿ ಸ್ಟುಡಿಯೊದ ಕತ್ತಲನ್ನು ಸೀಳಿಕೊಂಡು ಮೇಲಿನಿಂದ ಬೆಳಕಿನ ಕೋಲೊಂದು ಇಳಿಯುತ್ತದೆ. ಅದು ಲೈಟಿನದಲ್ಲ, ಸೂರ್ಯನದು. ಹೊರಗೆ ದೊಡ್ಡ ಕನ್ನಡಿ ಇಟ್ಟು ಬಿಸಿಲನ್ನು ಒಳಕ್ಕೆ ತಿರುಗಿಸಿ, ಒಳಗೆ ಮತ್ತೊಂದು ಕನ್ನಡಿಯಿಂದ ಕೆಳಕ್ಕೆ ಇಳಿಸಿದರು. ಛಾಯಾಗ್ರಾಹಕರೊಬ್ಬರಿಗೆ ಮೊದಲ ಬಾರಿ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಬಂದದ್ದು ಇವರಿಗೆ, 2008ರ ಸಾಲಿನದು. 2014ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು.

ಆ ಕೋಲನ್ನು ಇವತ್ತು ಕಂಪ್ಯೂಟರಿನಲ್ಲಿ ಎಳೆಯುವುದು ಕಷ್ಟವಲ್ಲ. ಮೇಲಿನಿಂದ ಕೆಳಕ್ಕೆ ಅಗಲವಾಗುವ ಒಂದು ಬಿಳಿ ಪಟ್ಟಿ, ಸ್ವಲ್ಪ ಮಬ್ಬು. ಆದರೆ ಬೆಳಕು ಗಾಳಿಯಲ್ಲಿ ಕಾಣುವುದು ಧೂಳಿದ್ದಾಗ, ಹೊಗೆಯಿದ್ದಾಗ. ಧೂಳಿನ ಕಣ ತೇಲಬೇಕು, ಕೋಲಿನ ಒಳಗೆ ಬಂದಾಗ ಮಿನುಗಿ ಹೊರಗೆ ಹೋದಾಗ ನಂದಬೇಕು. ಮನುಷ್ಯ ಆ ಕೋಲಿನೊಳಗೆ ಕಾಲಿಟ್ಟರೆ ಅವನ ತಲೆ, ಹೆಗಲು ಉರಿದೆದ್ದು, ಅವನ ಹಿಂದೆ ಕತ್ತಲಿನದೇ ಒಂದು ಕೋಲು ಮೂಡಬೇಕು. ಮೂರ್ತಿಯವರ ಕನ್ನಡಿ ಇದನ್ನೆಲ್ಲ ತಾನಾಗಿಯೇ ಕೊಟ್ಟಿತು. ಕಂಪ್ಯೂಟರಿಗೆ ಒಂದೊಂದನ್ನೂ ಬೇರೆಬೇರೆಯಾಗಿ ಹೇಳಿಕೊಡಬೇಕು. ಹಳಬರ ಆ ಕೆಲಸವನ್ನು ಕೂತು ನೋಡದೆ ಇವತ್ತಿನ ಈ ಕೆಲಸವನ್ನು ಚೆನ್ನಾಗಿ ಮಾಡಲು ಆಗುವುದಿಲ್ಲ ಎಂಬುದು ಉತ್ಪ್ರೇಕ್ಷೆಯ ಮಾತಲ್ಲ. ಸತ್ಯಜಿತ್ ರಾಯ್ ಅವರ ‘ಅಪರಾಜಿತೊ’ಗಾಗಿ ಸುಬ್ರತ ಮಿತ್ರ ಕಾಶಿಯ ಮನೆಯ ಅಂಗಳದ ಸೆಟ್ಟಿನ ಮೇಲೆ ಬಿಳಿ ಬಟ್ಟೆ ಕಟ್ಟಿ, ಸ್ಟುಡಿಯೊ ಲೈಟುಗಳ ಬೆಳಕನ್ನು ಅದಕ್ಕೆ ತಾಗಿಸಿ ಪುಟಿಸಿ, ತೆರೆದ ಆಕಾಶದ ಮೆತ್ತನೆ ಬೆಳಕು ತಂದದ್ದೂ ಇದೇ ಪಾಠ: ಆಕಾಶವನ್ನು ತೋರಿಸದೆ ಆಕಾಶದ ಪರಿಣಾಮವನ್ನು ತೋರಿಸುವುದು.

ಈ ಪಾಠ ಹಾಲಿವುಡ್‌ಗೆ ‘ಸ್ಟಾರ್ ವಾರ್ಸ್’ನಲ್ಲಿ ನಿಧಾನವಾಗಿ ದಕ್ಕಿತು. 1977ರ ಮೊದಲ ಚಿತ್ರದಲ್ಲಿ ಬೆಳಕಿನ ಕತ್ತಿ ಎಂದರೆ ಬೆಳಕನ್ನು ಹಿಂದಿರುಗಿಸುವ ಹೊದಿಕೆ ಸುತ್ತಿದ ಕೋಲು. ಅದರ ಹೊಳಪನ್ನು ಆಮೇಲೆ ಫ್ರೇಮ್ ಫ್ರೇಮಿಗೆ ಬರೆದರು. ಕತ್ತಿ ಝಗಝಗಿಸುತ್ತದೆ, ಹಿಡಿದವನ ಮುಖಕ್ಕೆ ಅದರ ಸುಳಿವೇ ಇರುವುದಿಲ್ಲ. ಆಗ ಜನ ಬೆರಗಾಗಿ ನೋಡಿದರು, ಅದು ಸಹಜವೇ. ಅಂಥದ್ದನ್ನು ಯಾರೂ ಕಂಡಿರಲಿಲ್ಲ. 2015ರ ‘ದ ಫೋರ್ಸ್ ಅವೇಕನ್ಸ್’ ಚಿತ್ರಕ್ಕೆ ಕತ್ತಿಯೊಳಗೇ ಎಲ್‌ಇಡಿ ದೀಪ ತುಂಬಿ ಶೂಟ್ ಮಾಡಿದರು. ಹಿಮ ಬಿದ್ದ ಕಾಡಿನಲ್ಲಿ ಕತ್ತಿ ಬೀಸಿದಾಗ ನೀಲಿಯೂ ಕೆಂಪೂ ಹಿಮದ ಮೇಲೆ, ಮರದ ಬೊಡ್ಡೆಯ ಮೇಲೆ, ಮುಖದ ಮೇಲೆ ಹಾದುಹೋಗುತ್ತವೆ. ಕಂಪ್ಯೂಟರಿಗೆ ಉಳಿದದ್ದು ಕತ್ತಿಯ ಹೊಳಪನ್ನು ತಿದ್ದುವ ಕೆಲಸ.

ದೀಪ ಮೊದಲು, ಅದರ ಪರಿಣಾಮ ಆಮೇಲೆ ಎಂಬ ಕ್ರಮವನ್ನು ಪೂರ್ತಿ ತಿರುಗಿಸಿದ ಉದಾಹರಣೆ ‘1917’. ಮೊದಲ ಮಹಾಯುದ್ಧದ ಈ ಚಿತ್ರದಲ್ಲಿ ನಾಯಕ ರಾತ್ರಿ ಹೊತ್ತು ಪಾಳುಬಿದ್ದ ಊರಿಗೆ ಬರುತ್ತಾನೆ. ಊರ ನಡುವೆ ಚರ್ಚ್ ಹೊತ್ತಿ ಉರಿಯುತ್ತಿದೆ. ಆ ಕೆಂಬೆಳಕಿನಲ್ಲಿ ಮುರಿದ ಗೋಡೆಗಳ ನೆರಳು ಬಯಲಿನುದ್ದಕ್ಕೂ ಚಾಚಿದೆ. ಸೆಟ್ಟಿನಲ್ಲಿ ಉರಿಯುವ ಚರ್ಚ್ ಇರಲಿಲ್ಲ. ಡೀಕಿನ್ಸ್ ಆ ಜಾಗದಲ್ಲಿ ಹಲವು ಅಂತಸ್ತಿನ ಎತ್ತರಕ್ಕೆ ಗೋಪುರ ಕಟ್ಟಿ ಟಂಗ್‌ಸ್ಟನ್ ದೀಪಗಳನ್ನು ಸಾಲುಸಾಲಾಗಿ ತುಂಬಿದ್ದ; ಅವು ಬೆಂಕಿಯಂತೆ ಏರಿಳಿಯುವ ಹಾಗೆ ಹೊಂದಿಸಿದ್ದ. ನಟ, ಗೋಡೆ, ಕಲ್ಲು, ಎಲ್ಲದರ ಮೇಲೆ ಬಿದ್ದ ಬೆಳಕು ಅಸಲಿ. ಆಮೇಲೆ ಗೋಪುರವನ್ನು ಅಳಿಸಿ ಅದರ ಜಾಗಕ್ಕೆ ಉರಿಯುವ ಚರ್ಚನ್ನು ತಂದು ನಿಲ್ಲಿಸಿದವರು ಎಂಪಿಸಿ ಸಂಸ್ಥೆಯ ವಿಷುಯಲ್ ಎಫೆಕ್ಟ್ಸ್ (ವಿಎಫ್‌ಎಕ್ಸ್) ಕಲಾವಿದರು. ಛಾಯಾಗ್ರಹಣಕ್ಕೂ ವಿಷುಯಲ್ ಎಫೆಕ್ಟ್ಸ್‌ಗೂ ಎರಡಕ್ಕೂ ಆಸ್ಕರ್ ಬಂತು. ಅದಕ್ಕೂ ಮೊದಲು, 2013ರ ‘ಗ್ರ್ಯಾವಿಟಿ’ಯಲ್ಲಿ ಸಾಂಡ್ರಾ ಬುಲಕ್‌ರನ್ನು ಎಲ್‌ಇಡಿ ಫಲಕಗಳ ಪೆಟ್ಟಿಗೆಯೊಳಗೆ ನಿಲ್ಲಿಸಿ, ಆ ಫಲಕಗಳಲ್ಲಿ ತಿರುಗುವ ಭೂಮಿಯನ್ನೂ ಸೂರ್ಯನನ್ನೂ ಓಡಿಸಿದ್ದರು. ಅಂತರಿಕ್ಷವೆಲ್ಲ ಕಂಪ್ಯೂಟರಿನದು, ಎಷ್ಟೋ ದೃಶ್ಯಗಳಲ್ಲಿ ನಿಜವಾದದ್ದು ಮುಖವೊಂದೇ. ಆ ಮುಖದ ಮೇಲೆ ಭೂಮಿಯ ನೀಲಿ ಹಾದುಹೋಗುವುದು ಸುಳ್ಳಾಗಿ ಕಂಡಿದ್ದರೆ ಚಿತ್ರವೇ ನಿಲ್ಲುತ್ತಿರಲಿಲ್ಲ.

ಎಂಪಿಸಿಯ ಹೆಸರು ಬೆಂಗಳೂರಿಗೆ ಹೊಸದಲ್ಲ. ವೈಟ್‌ಫೀಲ್ಡ್ ಕಡೆಯ ಕಚೇರಿಗಳಲ್ಲಿ, ಕನ್ನಡಿಗರೂ ಸೇರಿದಂತೆ ನೂರಾರು ಕಲಾವಿದರು ಹಗಲುರಾತ್ರಿ ಕೂತು ಹಾಲಿವುಡ್ ಚಿತ್ರಗಳ ಬೆಳಕು ಕಟ್ಟಿದ್ದಾರೆ. 2016ರ ‘ದ ಜಂಗಲ್ ಬುಕ್’ನಲ್ಲಿ ಮೌಗ್ಲಿಯಾದ ಹುಡುಗ ನಟಿಸಿದ್ದು ಲಾಸ್ ಏಂಜಲೀಸ್‌ನ ಒಳಾಂಗಣದಲ್ಲಿ, ಅವನ ಸುತ್ತಲಿನ ಕಾಡಿನ ಬಹುಪಾಲು, ಎಲೆಗಳ ಸಂದಿನಿಂದ ಅವನ ಹೆಗಲ ಮೇಲೆ ಬೀಳುವ ಬಿಸಿಲಿನ ಬಿಲ್ಲೆಗಳೊಡನೆ ಹೊಂದಿಕೊಂಡ ಕಾಡು, ಎಂಪಿಸಿಯ ಕೆಲಸ. ಅದರಲ್ಲಿ ಬೆಂಗಳೂರಿನ ಪಾಲು ದೊಡ್ಡದು. ಆ ಸಂಸ್ಥೆಯ ಮಾತೃಸಂಸ್ಥೆ ಟೆಕ್ನಿಕಲರ್ 2025ರ ಫೆಬ್ರವರಿಯಲ್ಲಿ ಕುಸಿದಾಗ ಬೆಂಗಳೂರು, ಮುಂಬೈಗಳ ಸಾವಿರಾರು ಮಂದಿ ಏಕಾಏಕಿ ಕೆಲಸ ಕಳೆದುಕೊಂಡರು. ಚಿತ್ರದ ಕೊನೆಯಲ್ಲಿ ಉರುಳುವ ಹೆಸರುಗಳ ಪಟ್ಟಿಯಲ್ಲಿ ಅವರ ಹೆಸರುಗಳು ಈಗಲೂ ಇವೆ; ಅವನ್ನು ಓದುವಷ್ಟು ಹೊತ್ತು ಕುರ್ಚಿಯಲ್ಲಿ ಕೂರುವವರು ಕಡಿಮೆ.

ಇಲ್ಲಿಯವರೆಗಿನ ಕಥೆಯ ಬಹುಪಾಲು ಬೆಳಕನ್ನು ಕಣ್ಣಳತೆಯಲ್ಲಿ ಹೊಂದಿಸುವುದು. ಅದನ್ನು ಅಳತೆಯ ವಿದ್ಯೆಯಾಗಿಸಿದವರಲ್ಲಿ ಪಾಲ್ ಡೆಬೆವೆಕ್ ಮುಖ್ಯ. ಬಿಸಿಲಲ್ಲಿ ನಿಂತ ಮನುಷ್ಯನಿಗೆ ಸೂರ್ಯನಿಂದಷ್ಟೇ ಬೆಳಕು ಬರುವುದಿಲ್ಲ. ಆಕಾಶದಿಂದ, ಕೆಂಪು ಮಣ್ಣಿನಿಂದ, ಎದುರಿನ ಸುಣ್ಣದ ಗೋಡೆಯಿಂದ, ಎಲ್ಲ ದಿಕ್ಕಿನಿಂದಲೂ ಬರುತ್ತದೆ. ಅಷ್ಟನ್ನೂ ದಾಖಲಿಸುವುದು ಹೇಗೆ? ಕ್ರೋಮ್ ಬಳಿದ ಹೊಳೆಯುವ ಗುಂಡೊಂದನ್ನು ಆ ಜಾಗದಲ್ಲಿಟ್ಟು ಫೋಟೊ ತೆಗೆದರೆ ಸುತ್ತಲ ಜಗತ್ತೆಲ್ಲ ಅದರಲ್ಲಿ ಕಾಣುತ್ತದೆ. ಒಂದೇ ಫೋಟೊದಲ್ಲಿ ಸೂರ್ಯನ ಪ್ರಖರತೆ ಮತ್ತು ಜಗಲಿಯ ಕೆಳಗಿನ ಮಬ್ಬು ಎರಡೂ ಹಿಡಿಯುವುದಿಲ್ಲವಾದ್ದರಿಂದ ಬೇರೆಬೇರೆ ಎಕ್ಸ್‌ಪೋಷರ್‌ನಲ್ಲಿ ಹಲವು ಫೋಟೊ ತೆಗೆದು ಒಂದಾಗಿಸಬೇಕು. ಹಾಗೆ ಒಂದಾಗಿಸುವ ದಾರಿಯನ್ನು ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಡೆಬೆವೆಕ್ ಮತ್ತು ಕಾನ್ಪುರ ಐಐಟಿಯಲ್ಲಿ ಓದಿದ ಜಿತೇಂದ್ರ ಮಲಿಕ್ 1997ರಲ್ಲಿ ತೋರಿಸಿದರು. ಮರುವರ್ಷ ಡೆಬೆವೆಕ್ ಆ ದಾಖಲೆಯಿಂದಲೇ ಕಂಪ್ಯೂಟರಿನ ವಸ್ತುಗಳನ್ನು ನಿಜ ದೃಶ್ಯದ ಬೆಳಕಿನಲ್ಲಿ ಬೆಳಗಿಸಿ ತೋರಿಸಿದ. 2012ರ ‘ಈಗ’ದಂಥ ಚಿತ್ರವನ್ನು ನೆನೆದರೆ ಇದರ ಬೆಲೆ ತಿಳಿಯುತ್ತದೆ. ಅಲ್ಲಿ ನಮ್ಮ ಸುದೀಪ್ ಖಾಲಿ ಗಾಳಿಯೊಡನೆ ಜಗಳವಾಡಿದ್ದರು. ಎದುರಾಳಿಯಾದ ನೊಣ ಆಮೇಲೆ ಬಂದದ್ದು. ಆ ನೊಣದ ರೆಕ್ಕೆಯ ಹೊಳಪು ಸುದೀಪ್ ನಿಂತ ಕೋಣೆಯ ಬೆಳಕಿಗೆ ಕೂಡಿಬರದಿದ್ದರೆ ಜಗಳ ನಂಬುವಂತಿರುತ್ತಿರಲಿಲ್ಲ.

ಡೆಬೆವೆಕ್ ಅಲ್ಲಿಗೆ ನಿಲ್ಲಲಿಲ್ಲ. 2000ದಲ್ಲಿ ಅವನೂ ಸಂಗಡಿಗರೂ ‘ಲೈಟ್ ಸ್ಟೇಜ್’ ಎಂಬ ಸಾಧನ ಕಟ್ಟಿದರು. ಮನುಷ್ಯನನ್ನು ನಡುವೆ ಕೂರಿಸಿ, ಸುತ್ತಲ ಒಂದೊಂದು ದಿಕ್ಕಿನಿಂದಲೂ ಸರದಿಯಂತೆ ದೀಪ ಬೆಳಗಿಸಿ, ಪ್ರತಿ ದೀಪಕ್ಕೂ ಮುಖ ಹೇಗೆ ಕಾಣುತ್ತದೆಂದು ದಾಖಲಿಸುವುದು. ಬೆಳಕು ಬೆಳಕಿಗೆ ನೇರವಾಗಿ ಕೂಡುತ್ತದೆಂಬ ಅದೇ ಸರಳ ನಿಯಮದಿಂದ, ಆ ಚಿತ್ರಗಳನ್ನು ಬೇಕಾದ ಪ್ರಮಾಣದಲ್ಲಿ ಬೆರೆಸಿದರೆ ಬೇಕಾದ ಬೆಳಕಿನಲ್ಲಿ ಆ ಮುಖ ಸಿಗುತ್ತದೆ. ‘ಸ್ಪೈಡರ್‌ಮ್ಯಾನ್ 2’ ಚಿತ್ರದ ಡಿಜಿಟಲ್ ಮುಖಗಳು ಹೀಗೆ ಬಂದವು. 2020ರಲ್ಲಿ ಗೂಗಲ್ ತನ್ನ ಪಿಕ್ಸೆಲ್ ಫೋನಿಗೆ, ತೆಗೆದ ಫೋಟೊದ ಮುಖಕ್ಕೆ ಆಮೇಲೆ ಬೆಳಕು ಹಾಕುವ ಸೌಲಭ್ಯ ತಂದಾಗ ಅದರ ಹಿಂದಿನ ಕಲಿಕೆಯೂ ಇಂಥ ಒಂದು ಲೈಟ್ ಸ್ಟೇಜ್‌ನಲ್ಲಿ ತೆಗೆದ ಮುಖಗಳಿಂದಲೇ ಆಗಿತ್ತು.

ಈಗ ಕೃತಕ ಬುದ್ಧಿಮತ್ತೆಯ ಸಾಧನಗಳು ಬರೀ ವಿಡಿಯೊ ನೋಡಿಯೇ ದೂರವನ್ನೂ ನಾರ್ಮಲ್‌ಗಳನ್ನೂ ಅಂದಾಜು ಮಾಡುತ್ತವೆ. ಡಾವಿಂಚಿ ರಿಸಾಲ್ವ್‌ನಂಥ ತಂತ್ರಾಂಶದಲ್ಲಿ ‘ರಿಲೈಟ್’ ಎಂಬ ಉಪಕರಣವೇ ಇದೆ. ಕಿರುಚಿತ್ರ ಮಾಡುವ ಹುಡುಗರಿಗೆ ಇದು ವರವೇ ಸರಿ; ಬಾಡಿಗೆ ಲೈಟಿಗೆ ಕಾಸಿಲ್ಲದವರು ಒಂದು ಕಿಟಕಿಯ ಬೆಳಕಿನಲ್ಲಿ ಶೂಟ್ ಮಾಡಿ, ಮನೆಯಲ್ಲಿ ಕೂತು ಮುಖಕ್ಕೆ ಒಂದು ಬದಿಯ ಬೆಳಕು ಕೊಡಬಹುದು. ಮುಖ, ಗೋಡೆಗಳಲ್ಲಿ ಅದು ಚೆನ್ನಾಗಿಯೇ ಕೂರುತ್ತದೆ. ಒದ್ದೆ ಬಟ್ಟೆ, ಗಾಜಿನ ಬಳೆ, ರೇಷ್ಮೆ ಸೀರೆಯ ಜರಿ ಬಂದಾಗ ಎಡವುತ್ತದೆ. ಜರಿ ಹೊಳೆಯುವುದು ಬೆಳಕು, ಎಳೆ, ಕ್ಯಾಮೆರಾ ಮೂರರ ಕೋನ ಸರಿಹೊಂದಿದಾಗ; ಸೆರಗು ಅಲುಗಿದರೆ ಹೊಳಪು ಎಳೆಯಿಂದ ಎಳೆಗೆ ಹಾರುತ್ತದೆ. ಕಠಿಣವಾದ ಬಿಸಿಲಿನ ನೆರಳು ಮುಖದ ಮೇಲೆ ಮೊದಲೇ ಬಿದ್ದಿದ್ದರಂತೂ ಅದನ್ನು ತೆಗೆದು ಬೇರೆ ಬೆಳಕು ಹಾಕುವುದು ಇವತ್ತಿಗೂ ಬಿಗಿಯಾದ ಗಂಟು. ಆದ್ದರಿಂದಲೇ ಆಮೇಲೆ ಬೆಳಕು ಸೇರಿಸುವ ಯೋಚನೆ ಇರುವವರು ಸೆಟ್ಟಿನಲ್ಲೇ ಅದಕ್ಕೆ ಸಿದ್ಧತೆ ಮಾಡಿಕೊಳ್ಳುತ್ತಾರೆ. ಅಜ್ಜಿಯ ಬುಡ್ಡಿಯೊಳಗೆ ಪುಟ್ಟ ಎಲ್‌ಇಡಿಯೊಂದನ್ನು ಹೊಗಿಸಿಟ್ಟರೂ ಸಾಕು, ಬೆರಳಸಂದಿನ ಕೆಂಪು, ಕಣ್ಣಿನ ಚುಕ್ಕೆ, ಗೋಡೆಯ ನೆರಳು ತಾವಾಗಿ ಬಂದುಬಿಡುತ್ತವೆ. ಆಮೇಲೆ ಜ್ವಾಲೆ ಕೂರಿಸಿದರಾಯಿತು.

ದೊಡ್ಡ ವಿಎಫ್‌ಎಕ್ಸ್ ಚಿತ್ರದ ಸೆಟ್ಟಿಗೆ ಹೋದವರು ಇಂಥ ಸಿದ್ಧತೆಯನ್ನು ಕಣ್ಣಾರೆ ನೋಡಬಹುದು. ನಿರ್ದೇಶಕರು ಟೇಕ್ ಓಕೆ ಎಂದಿದ್ದಾರೆ, ನಟರು ಪಕ್ಕಕ್ಕೆ ಸರಿದಿದ್ದಾರೆ, ಲೈಟ್‌ಮ್ಯಾನ್‌ಗಳ ಕೈ ಸ್ವಿಚ್ಚಿನ ಹತ್ತಿರವಿದೆ. ಅಷ್ಟರಲ್ಲಿ ವಿಎಫ್‌ಎಕ್ಸ್ ತಂಡದ ಯಾರೋ ಒಬ್ಬರು ‘ಒಂದ್ನಿಮಿಷ, ಒಂದ್ನಿಮಿಷ’ ಎನ್ನುತ್ತ ಓಡಿಬಂದು, ನಟ ನಿಂತಿದ್ದ ಜಾಗದಲ್ಲೇ ನಿಲ್ಲುತ್ತಾರೆ. ಒಂದು ಕೈಯಲ್ಲಿ ಬೂದುಬಣ್ಣದ ಗುಂಡು, ಇನ್ನೊಂದರಲ್ಲಿ ಕನ್ನಡಿಯಂತೆ ಹೊಳೆಯುವ ಗುಂಡು. ಬೂದು ಗುಂಡಿನಲ್ಲಿ ಬೆಳಕು ಯಾವ ಬದಿಯಿಂದ ಎಷ್ಟು ಮೆತ್ತಗೆ ಬೀಳುತ್ತಿದೆ ಎಂಬುದು, ಹೊಳೆಯುವ ಗುಂಡಿನಲ್ಲಿ ಇಡೀ ಸೆಟ್ಟು: ಲೈಟುಗಳು, ಥರ್ಮಾಕೋಲ್ ಹಲಗೆ, ಟ್ರಾಲಿ, ಕಾದು ನಿಂತ ಜನ. ಕ್ಯಾಮೆರಾ ಕೆಲವು ಸೆಕೆಂಡು ಓಡುತ್ತದೆ. ಅದಾದಮೇಲೆಯೇ ಲೈಟ್ ಆಫ್.